ಹಗ್ಗ ಬಿಗಿದು ತುಂಬಿದ ಗಾಳಿ

ಎಳ್ಳ ಅಮಾವಾಸ್ಯೆಯ ದಿನ ವಿಜಯಪುರ ಸೀಮೆಯ ಹಳ್ಳಿಗಳಲ್ಲಿ ಮನೆಗಳಿಗೆ ಬೀಗ, ಹೊಲಗಳಲ್ಲಿ ಜಾತ್ರೆ. ಚಕ್ಕಡಿ ಕಟ್ಟಿಕೊಂಡು, ಬುತ್ತಿ ಹೊತ್ತುಕೊಂಡು ಮಕ್ಕಳು ಮರಿಗಳೊಂದಿಗೆ ಎಲ್ಲರೂ ಚರಗ ಚೆಲ್ಲಲು, ಅಂದರೆ ಬೆಳೆಗೆ ಎಡೆ ಎರಚಲು, ಹೋಗಿರುತ್ತಾರೆ. ಅಂಥ ದಿನ ಪಂಕ್ಚರ್ ಅಂಗಡಿಯೂ ತೆರೆದಿರುವುದಿಲ್ಲ ಎಂಬುದು ನನಗೆ ಹೊಳೆದದ್ದು ಸಾರವಾಡ ದಾಟಿ ಬಬಲೇಶ್ವರದ ಕಡೆ ಹೋಗುವಾಗ, ಬೈಕಿನ ಹಿಂದಿನ ಗಾಲಿ ಎಡಬಲಕ್ಕೆ ಓಲಾಡತೊಡಗಿದ ಮೇಲೆ.

ಅಕ್ಕನ ಊರಿಗೆ ಹೊರಟಿದ್ದೆ. ಇಳಿದು ನೋಡಿದರೆ ಟೈರಿನ ನಟ್ಟನಡುವೆ ಒಂದು ಮೊಳೆ, ತಲೆ ಸವೆದು ಬೆಳ್ಳಗೆ ಹೊಳೆಯುತ್ತಿತ್ತು. ಅಲ್ಲಿ ನಾನು ಒಂದರ ಹಿಂದೆ ಒಂದು ಎರಡು ತಪ್ಪು ಮಾಡಿದೆ. ಮೊದಲನೆಯದು, ಮೊಳೆಯನ್ನು ಆಗಲೇ ಎಳೆದದ್ದು. ಟ್ಯೂಬ್‌ಲೆಸ್ ಟೈರಿನಲ್ಲಿ ಚುಚ್ಚಿದ ಮೊಳೆಯೇ ತೂತಿಗೆ ಬಿರಡೆ. ಅದು ಅಲ್ಲಿರುವಷ್ಟು ಹೊತ್ತು ಗಾಳಿ ನಿಧಾನವಾಗಿ ಸೋರುತ್ತದೆ. ಪಂಪ್ ಹೊಡೆದುಕೊಂಡು ಹೇಗೋ ಊರು ಮುಟ್ಟಬಹುದು. ಎಳೆದ ಕೂಡಲೇ ಬುಸ್ಸೆಂದು ಇದ್ದದ್ದೆಲ್ಲ ಹೋಯಿತು. ಎರಡನೆಯದು ಇನ್ನೂ ದೊಡ್ಡ ತಪ್ಪು: ಬಿಸಿಲಲ್ಲಿ ಕೂತು ಕೆಲಸ ಮಾಡುವುದು ಬೇಡವೆಂದು, ದೂರದಲ್ಲಿ ಕಾಣುತ್ತಿದ್ದ ಬೇವಿನ ಮರದವರೆಗೆ ಖಾಲಿ ಟೈರಿನ ಮೇಲೆಯೇ ಬೈಕ್ ಓಡಿಸಿದೆ.

ಸಾಮಾನು ನನ್ನ ಬಳಿ ಇತ್ತು. ಆರು ವರ್ಷಗಳಿಂದ ಸೈಡ್ ಬ್ಯಾಗಿನಲ್ಲಿ ಕಾಲಿನಿಂದ ತುಳಿಯುವ ಪಂಪು, ತೂತು ಸವರುವ ಮೊನೆ, ಅಂಟಿನ ಹುರಿ ಎಲ್ಲ ಇಟ್ಟುಕೊಂಡೇ ತಿರುಗುತ್ತೇನೆ. ಮೊನೆಯನ್ನು ತೂತಿನಲ್ಲಿ ತಿರುವಿ ಸವರಿ, ಹುರಿಯನ್ನು ಸೂಜಿಗೆ ಪೋಣಿಸಿ ಒಳಗೆ ತಳ್ಳಿ, ಸೂಜಿಯನ್ನಷ್ಟೇ ಹೊರಗೆಳೆದೆ. ತೂತು ಮುಚ್ಚಿತು. ಪಂಪನ್ನು ವಾಲ್ವಿಗೆ ಹಚ್ಚಿ ತುಳಿಯತೊಡಗಿದೆ. ಐವತ್ತು ಸಲ, ನೂರು ಸಲ. ಟೈರು ಮಾತ್ರ ಏಳಲಿಲ್ಲ. ಕಿವಿ ಹತ್ತಿರ ಒಯ್ದರೆ ರಿಮ್ಮಿನ ಸುತ್ತಲೂ ಸುಯ್ ಎನ್ನುವ ಸದ್ದು.

ಖಾಲಿ ಟೈರಿನ ಮೇಲೆ ಓಡಿಸಿದ್ದರಿಂದ ಅದರ ಅಂಚು ರಿಮ್ಮಿನ ಮೇಲಿನ ತನ್ನ ಜಾಗ ಬಿಟ್ಟು ನಡುವಿನ ತಗ್ಗಿಗೆ ಜಾರಿತ್ತು. ಟ್ಯೂಬ್ ಇಲ್ಲದ ಟೈರು ಗಾಳಿ ಹಿಡಿಯುವುದು ಎರಡೂ ಅಂಚುಗಳು ರಿಮ್ಮಿಗೆ ಒತ್ತಿ ಕೂತಾಗ ಮಾತ್ರ. ಹಾಗೆ ಒತ್ತಿ ಹಿಡಿಯುವುದೂ ಒಳಗಿನ ಗಾಳಿಯೇ. ಗಾಳಿ ನಿಲ್ಲಬೇಕಾದರೆ ಅಂಚು ಕೂರಬೇಕು, ಅಂಚು ಕೂರಬೇಕಾದರೆ ಗಾಳಿ ನಿಲ್ಲಬೇಕು. ಅಂಗಡಿಯ ಕಂಪ್ರೆಸರ್ ಒಮ್ಮೆಲೇ ಗಾಳಿ ನುಗ್ಗಿಸಿ ಈ ಗಂಟನ್ನು ಬಿಡಿಸುತ್ತದೆ. ಕಾಲಿನ ಪಂಪು ಕೊಡುವುದು ಗುಟುಕು ಗುಟುಕು ಗಾಳಿ; ಕೊಟ್ಟಷ್ಟೂ ಸಂದಿಯಿಂದ ಹೊರಗೆ.

ಪಕ್ಕದ ಬಿಳಿಜೋಳದ ಹೊಲದಿಂದ ಒಬ್ಬ ಅಜ್ಜ ಬಂದರು, ಹಿಂದೆ ಎಂಟೊಂಬತ್ತು ವರ್ಷದ ಮೊಮ್ಮಗಳು. "ಯಾಕೆ ನಿಂತಿರಿ ತಮ್ಮಾ?" ಎನ್ನುತ್ತ ನನ್ನ ಕೈಯಲ್ಲಿದ್ದ ಮೊಳೆ ಇಸಿದುಕೊಂಡು ಉಗುರಿನಿಂದ ಕೆರೆದು ನೋಡಿದರು. "ಇದು ಎತ್ತಿನ ಲಾಳದ ಮೊಳೆ" ಎಂದವರೇ ನನ್ನನ್ನು ಅಲ್ಲೇ ಬಿಟ್ಟು, ಬನ್ನಿ ಗಿಡದ ಕೆಳಗೆ ಕೊರಳು ಬಿಚ್ಚಿ ಕಟ್ಟಿದ್ದ ತಮ್ಮ ಜೋಡಿಯ ಕಡೆಗೆ ನಡೆದರು. ಒಂದೊಂದೇ ಕಾಲನ್ನು ಎತ್ತಿ ನೋಡುವುದು ನನಗೆ ರಸ್ತೆಯಿಂದಲೇ ಕಾಣುತ್ತಿತ್ತು. ಎಂಟೂ ಕಾಲು ನೋಡಿ ಮುಗಿದ ಮೇಲೆಯೇ ಬಂದರು. "ನಮ್ಮವಲ್ಲ. ಬೆಳಿಗ್ಗೆಯಿಂದ ಎಷ್ಟೋ ಚಕ್ಕಡಿ ಹೋದವು, ಯಾರ ಎತ್ತು ಕುಂಟುತ್ತಿದೆಯೋ" ಎಂದು ಮೊಳೆಯನ್ನು ಅಂಗಿಯ ಕಿಸೆಗೆ ಹಾಕಿಕೊಂಡರು.

ಹಿಂದೊಮ್ಮೆ ಒಬ್ಬ ಮೆಕ್ಯಾನಿಕ್ ಟೈರಿನ ಸುತ್ತ ಹಗ್ಗ ಬಿಗಿದು ಗಾಳಿ ತುಂಬಿಸಿದ್ದನ್ನು ನೋಡಿದ್ದೆ. ನಡುವೆ ಅದುಮಿದರೆ ಟೈರಿನ ಮಗ್ಗುಲುಗಳು ಅಗಲಕ್ಕೆ ಸರಿದು ಅಂಚು ರಿಮ್ಮಿಗೆ ತಾಗುತ್ತದೆ. ಅದನ್ನು ಹೇಳುತ್ತಿದ್ದಂತೆ ಅಜ್ಜ ಅರ್ಧಕ್ಕೇ ತಲೆಯಾಡಿಸಿದರು. "ಚಕ್ಕಡಿಯ ಗಾಲಿಗೆ ಹಳಿ ಏರಿಸುವುದೂ ಹೀಗೆಯೇ. ಕಾಯಿಸಿ ಏರಿಸಿ ನೀರು ಹೊಯ್ದರೆ ಹಳಿ ಕುಗ್ಗಿ ಗಾಲಿಯನ್ನು ಅಪ್ಪುತ್ತದೆ. ಇಲ್ಲಿ ಹಗ್ಗವೇ ಹಳಿ" ಎಂದು ಚಕ್ಕಡಿಯಿಂದ ಹಗ್ಗ ತಂದರು. ಬೈಕನ್ನು ನಡುಸ್ಟ್ಯಾಂಡಿಗೆ ಎತ್ತಿ, ಹಗ್ಗವನ್ನು ಟೈರಿನ ಸುತ್ತ ಎರಡು ಸುತ್ತು ತಂದು ಗಂಟು ಹಾಕಿ, ಅದರಲ್ಲಿ ಗೇಣುದ್ದದ ಕೋಲು ಸಿಕ್ಕಿಸಿ ತಿರುವತೊಡಗಿದರು. ಹಗ್ಗ ಟೈರಿನ ರಬ್ಬರಿನೊಳಗೆ ಹೂತುಹೋಗುವಂತೆ ಬಿಗಿಯಾಯಿತು.

ಹುಡುಗಿ ಪಂಪ್‌ಸೆಟ್ ಮನೆಯ ಕಲ್ಲಿನ ಮೇಲಿದ್ದ ಸೋಪಿನ ಚೂರು ತಂದಳು. ಅದನ್ನು ನೀರಿನಲ್ಲಿ ಕದಡಿ ಅಂಚಿನ ಸುತ್ತ ಸವರಿದೆ. ಒಣ ರಬ್ಬರ್ ರಿಮ್ಮಿನ ಮೇಲೆ ಜಾರುವುದಿಲ್ಲ. ವಾಲ್ವಿನೊಳಗಿನ ಪಿನ್ನನ್ನೂ ಬಿಚ್ಚಿದೆ, ಗಾಳಿಗೆ ದಾರಿ ಅಗಲವಾಗಲಿ ಎಂದು. ಆ ಪುಟ್ಟ ಪಿನ್ನು ಎರೆಮಣ್ಣಿಗೆ ಬಿದ್ದರೆ ಮತ್ತೆ ಸಿಗುವುದಿಲ್ಲ, ಸಿಕ್ಕರೂ ಮಣ್ಣಿನ ಒಂದು ಕಣ ಅಂಟಿದ್ದರೆ ಸೋರುತ್ತದೆ. "ಅವ್ವಾ, ಇದನ್ನು ಹಿಡಿದುಕೋ, ಮುಷ್ಟಿ ಬಿಚ್ಚಬೇಡ" ಎಂದು ಹುಡುಗಿಯ ಕೈಗೆ ಕೊಟ್ಟೆ.

ಈಗ ತುಳಿದೆ, ಉಸಿರು ಬಿಡದೆ. ಇಪ್ಪತ್ತು, ಮೂವತ್ತು. ಸಂದಿಯಲ್ಲಿ ಸೋಪಿನ ನೊರೆ ಬುಗ್ಗೆಬುಗ್ಗೆಯಾಗಿ ಎದ್ದು ಒಡೆಯಿತು; ಆಮೇಲೆ ಒಂದು ಮಗ್ಗುಲಲ್ಲಿ ನೊರೆ ಸುಮ್ಮನಾಯಿತು. "ಸಾಕೇ?" ಎಂದು ಕೋಲು ಹಿಡಿದೇ ಅಜ್ಜ ಕೇಳಿದರು. "ಇನ್ನೊಂದು ಸುತ್ತು" ಎಂದೆ. ತಿರುವಿದರು. ಟಪ್ ಎಂದಿತು. ಟೈರು ಉಬ್ಬುತ್ತಿದ್ದಂತೆ ಹಗ್ಗವನ್ನು ಬೇಗ ಸಡಿಲಿಸಿದೆವು. ಇನ್ನೂ ಹದಿನೈದು ತುಳಿತಕ್ಕೆ ಇನ್ನೊಂದು ಮಗ್ಗುಲೂ ಟಪ್ ಎಂದು ಕೂತಿತು. ಆ ಎರಡು ಸದ್ದು ಕೇಳಿ ನನಗಾದ ಹಿಗ್ಗನ್ನು ಏನೆಂದು ಹೇಳಲಿ!

ಪಂಪು ತೆಗೆದರೆ ಗಾಳಿ ಹೋಯಿತು, ವಾಲ್ವಿನಲ್ಲಿ ಪಿನ್ನಿಲ್ಲದ ಮೇಲೆ ಹೋಗಲೇಬೇಕು. ಕೂತ ಅಂಚು ಮಾತ್ರ ಕದಲಲಿಲ್ಲ. ಹುಡುಗಿ ಮುಷ್ಟಿ ಬಿಚ್ಚಿದಳು. ಬೆವರಿದ ಅಂಗೈಯಲ್ಲಿ ಪಿನ್ನಿನ ಗುರುತು ಕೆಂಪಗೆ ಮೂಡಿತ್ತು. ಅದನ್ನು ಒರೆಸಿ ಕೂರಿಸಿ ಮತ್ತೆ ತುಳಿದೆ. ಎಣಿಸುವ ಕೆಲಸವನ್ನು ಅವಳು ತಾನಾಗಿಯೇ ವಹಿಸಿಕೊಂಡಳು. ಅರವತ್ತರ ಹೊತ್ತಿಗೆ ಪಂಪಿನ ಕೊಳವೆ ಮುಟ್ಟಲಾಗದಷ್ಟು ಕಾದಿತ್ತು. ಅದು ಬಿಸಿಲಿನ ಕಾವಲ್ಲ, ಅದುಮಿದ ಗಾಳಿಯೇ ಹಾಗೆ ಕಾಯುತ್ತದೆ. ಅವಳ ಎಣಿಕೆ ನೂರಾ ಹತ್ತು ತಲುಪಿದಾಗ ಗಾಳಿಯ ಒತ್ತಡ ತೋರಿಸುವ ಪಂಪಿನ ಮುಳ್ಳು 28 ಪಿಎಸ್‌ಐಗೆ ಬಂತು. ಒಬ್ಬನೇ ಹೋಗಲು ಅಷ್ಟು ಸಾಕು. ಹುರಿಯ ಮೇಲೆ, ಅಂಚಿನ ಸುತ್ತ ಸೋಪಿನ ನೀರು ಬಿಟ್ಟು ನೋಡಿದೆವು. ಎಲ್ಲೂ ಗುಳ್ಳೆ ಏಳಲಿಲ್ಲ.

ಹಬ್ಬದ ದಿನ ಹಾಗೆಯೇ ಕಳಿಸುವವರಲ್ಲ ಅವರು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ ತಿಂದೇ ಹೊರಟೆ. ಅಕ್ಕನ ಊರಿನವರೆಗೆ ಮೆಲ್ಲಗೆ ಹೋದೆ. ಮರುದಿನ ಬೆಳಿಗ್ಗೆ ಅವಳ ಅಂಗಳದಲ್ಲಿ ಗೇಜ್ ಹಚ್ಚಿದರೆ 27. ಹಚ್ಚುವಾಗ ಒಂದಿಷ್ಟು ಹೋಗಿಯೇ ಹೋಗುತ್ತದೆ. ಟೈರಿನ ಗೀರುಗಳಲ್ಲಿ ಹಗ್ಗದ ನಾರು ಇನ್ನೂ ಸಿಕ್ಕಿಕೊಂಡಿತ್ತು.

ಹುರಿ ತಾತ್ಕಾಲಿಕ, ಒಳಗಿನಿಂದ ಪ್ಯಾಚ್ ಹಚ್ಚಿಸಬೇಕು ಎಂದು ವಿಜಯಪುರಕ್ಕೆ ಮರಳಿದ ಕೂಡಲೇ ಅಂಗಡಿಗೆ ಒಯ್ದೆ. ಹುಡುಗ ಟೈರು ಬಿಚ್ಚಿ, ಒಳಗೆ ಕೈಯಾಡಿಸಿ ಹೊರತೆಗೆದ. ಅಂಗೈಯಲ್ಲಿ ಕಾಡಿಗೆಯಂಥ ಕರಿಯ ಪುಡಿ, ಮಗ್ಗುಲಿನ ಒಳಮೈ ಉಜ್ಜಿ ಉದುರಿದ ರಬ್ಬರ್.

"ಗಾಳಿ ಇಲ್ಲದೆ ಎಷ್ಟು ದೂರ ಓಡಿಸಿದಿರಿ ಅಣ್ಣಾ?"

"ಒಂದು ಕಿಲೋಮೀಟರ್ ಇದ್ದೀತು" ಎಂದೆ.

ಅವನು ಆ ಪುಡಿಯನ್ನು ನನ್ನ ಅಂಗೈಗೆ ಸುರಿದ.