ಇನ್ನೂ ಐತೆ ಕಣವ್ವ

ಸೋಮವಾರ ರಾತ್ರಿ, ಅಮ್ಮನ ಬಲಗಡೆ ಎದೆಯ ಕ್ಯಾನ್ಸರ್ ಆಪರೇಷನ್‌ಗೆ ಹಿಂದಿನ ದಿನ, ಅರಿವಳಿಕೆ ಕೊಡುವ ಅನಸ್ತೇಸಿಯಾ ಡಾಕ್ಟರ್ ವಾರ್ಡಿಗೆ ಬಂದರು. ಚಿಕ್ಕ ವಯಸ್ಸಿನ ಹೆಣ್ಣುಮಗಳು. ಸ್ಟೂಲ್ ಎಳೆದುಕೊಂಡು ಅಮ್ಮನ ಪಕ್ಕ ಕೂತರು. ಬಿಪಿ, ಶುಗರ್, ಕಟ್ಟಿಸಿದ ಹಲ್ಲು ಎಲ್ಲ ಕೇಳಿ ಆಯ್ತು. ಕೊನೆಗೆ ಕೇಳಿದರು, "ಅಮ್ಮಾ, 2018ರಲ್ಲಿ ಎಡಗಡೆ ಎದೆ ಆಪರೇಷನ್ ಆಯ್ತಲ್ಲ, ಆ ನೋವು ಎಷ್ಟು ದಿನ ಇತ್ತು?"

ಅಮ್ಮ ಅಂದಳು, "ಇನ್ನೂ ಐತೆ ಕಣವ್ವ."

ನಾನು ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಿದ್ದೆ. ಕೈ ಅಲ್ಲೇ ನಿಂತಿತು.

ಎಲ್ಲಿ, ಹೇಗೆ ಅಂತ ಡಾಕ್ಟರ್ ಕೇಳುತ್ತಾ ಹೋದರು. ಅಮ್ಮ ಮೊದಲ ಸಲ ಎಲ್ಲವನ್ನೂ ಬಾಯಿ ಬಿಟ್ಟು ಹೇಳಿದಳು. ಕಂಕುಳಿಂದ ಮೊಣಕೈವರೆಗೆ ಒಳಭಾಗ ಮರಗಟ್ಟಿದ ಹಾಗಿದೆ, ಆದರೆ ಬಟ್ಟೆ ಸೋಕಿದರೆ ಉರಿಯುತ್ತದೆ. ರಾತ್ರಿ ಎಡಕ್ಕೆ ಹೊರಳೋಕೆ ಆಗಲ್ಲ. ಹೇಳುತ್ತಾ ರವಿಕೆಯೊಳಗಿಂದ ಒಂದು ಬಟ್ಟೆ ತುಂಡು ತೆಗೆದು ತೋರಿಸಿದಳು. ಅಪ್ಪನ ಹಳೇ ಪಂಚೆಯಿಂದ ಹರಿದದ್ದು, ಅಂಗೈ ಅಗಲ, ಒಗೆದು ಒಗೆದು ಅಂಚಿನ ದಾರವೆಲ್ಲ ಬಿಟ್ಟುಕೊಂಡಿದೆ. ಆ ತುಂಡನ್ನು ನಾನು ಎಷ್ಟು ಸಲ ಒಗೆದು ಹಗ್ಗಕ್ಕೆ ಹಾಕಿದ್ದೇನೋ. ಬೆವರಿಗೆ ಇಟ್ಟುಕೊಳ್ಳುತ್ತಾಳೆ ಅಂದುಕೊಂಡಿದ್ದೆ. ಸೆರಗು ಬೀಳೋದು ಎಡ ಹೆಗಲಿಗೇ ಅಲ್ವಾ? ಸೀರೆ ಉಟ್ಟಾಗಲೆಲ್ಲ ಅವಳಿಗೆ ಉರಿ. ಒಂದೇ ಮನೆಯಲ್ಲಿದ್ದು ನನಗೆ ಗೊತ್ತಾಗಲಿಲ್ಲ.

ಗೊತ್ತಾಗದ ಹಾಗೆ ಮಾಡಿದವರೂ ಇದ್ದಾರೆ. ಆಗ ಆಪರೇಷನ್ ಮಾಡಿದ ಡಾಕ್ಟರ್ ಕೈ ಒಳ್ಳೇದು, ಇಲ್ಲ ಅನ್ನಲ್ಲ. ಆದರೆ ಮೊದಲ ಸಲ ತೋರಿಸೋಕೆ ಹೋದಾಗ ಅಮ್ಮ ಉರಿ ಅಂದಿದ್ದಕ್ಕೆ "ಆಪರೇಷನ್ ಅಂದ್ಮೇಲೆ ನೋವು ಇರುತ್ತಮ್ಮ" ಅಂದು ಮುಂದಿನ ಫೈಲ್ ತೆಗೆದುಕೊಂಡರು. ಚಿಕ್ಕಮ್ಮ ಇನ್ನೂ ಒಂದು ಹೆಜ್ಜೆ ಮುಂದೆ. "ಜೀವ ಉಳೀತಲ್ಲಕ್ಕ, ಅದೇ ದೊಡ್ಡದು." ಚಿಕ್ಕಮ್ಮ ಕೆಟ್ಟವಳಲ್ಲ. ಆದರೆ ಜೀವ ಉಳಿದವರು ಬಾಯಿ ಮುಚ್ಚಿಕೊಂಡಿರಬೇಕು ಅನ್ನೋ ಹಾಗೆ ಮಾತಾಡುತ್ತಾಳೆ. ಅಮ್ಮ ಅಂದಿನಿಂದ ಹೇಳೋದನ್ನೇ ಬಿಟ್ಟಿದ್ದಳು.

ಈ ಡಾಕ್ಟರ್ ಮಾತ್ರ ಫೈಲಿನಲ್ಲಿ ಬರೆದುಕೊಂಡರು. ಆಮೇಲೆ ನಿಧಾನಕ್ಕೆ ವಿವರಿಸಿದರು. ಕಂಕುಳಿನ ಗಂಟು ತೆಗೆಯುವಾಗ ತೋಳಿಗೆ ಹೋಗುವ ಒಂದು ಸಣ್ಣ ನರಕ್ಕೆ ಪೆಟ್ಟಾಗುವುದು ತುಂಬಾ ಸಾಮಾನ್ಯ. "ಪೂರ್ತಿ ಅರಿವಳಿಕೆ ಕೊಟ್ಟಾಗ ನೀವು ಮಲಗಿರ್ತೀರ, ನರ ಮಲಗಿರಲ್ಲ" ಅಂದರು. ಕತ್ತರಿಸಿದ ಪ್ರತಿ ಸುದ್ದಿಯನ್ನೂ ಅದು ಬೆನ್ನುಹುರಿಗೆ ಮುಟ್ಟಿಸುತ್ತಲೇ ಇರುತ್ತದೆ. ಕೆಲವರಲ್ಲಿ ಬೆನ್ನುಹುರಿ ಅದನ್ನು ಕಲಿತುಬಿಡುತ್ತದೆ. ಗಾಯ ಮಾಯ್ದರೂ ನೋವು ಮಾಯೋದಿಲ್ಲ. ಮೊದಲೇ ಒಂದು ಕಡೆ ಇಂಥ ನೋವಿದ್ದರೆ ಇನ್ನೊಂದು ಕಡೆಗೂ ಬರುವ ಸಾಧ್ಯತೆ ಜಾಸ್ತಿಯಂತೆ. ಅದಕ್ಕೇ ಕೇಳಿದ್ದು.

ಅವರ ಉಪಾಯ ಇದು. ಪೂರ್ತಿ ಅರಿವಳಿಕೆಯ ಜೊತೆಗೆ, ಚಾಕು ಇಡುವ ಮೊದಲೇ ಅಲ್ಟ್ರಾಸೌಂಡ್‌ನಲ್ಲಿ ನೋಡಿಕೊಂಡು ಬೆನ್ನುಮೂಳೆಯ ಪಕ್ಕದಲ್ಲಿ ಬ್ಯುಪಿವಕೇನ್ ಕೊಡುವುದು. ಹಲ್ಲು ಕೀಳುವಾಗ ಜೋಮು ಹಿಡಿಸುತ್ತಾರಲ್ಲ, ಆ ಜಾತಿಯದೇ ಔಷಧಿ. ಸುದ್ದಿ ಹೊರಡುವ ದಾರಿಯನ್ನೇ ಮುಚ್ಚುವುದು. "ಗ್ಯಾರಂಟಿ ಕೊಡಲ್ಲ ಅಮ್ಮಾ. ಪ್ರಯತ್ನ ಮಾಡೋಣ" ಅಂದರು. ಗ್ಯಾರಂಟಿ ಇಲ್ಲ ಅಂದಿದ್ದಕ್ಕೇ ನನಗೆ ಅವರ ಮೇಲೆ ನಂಬಿಕೆ ಬಂತು.

ಆ ರಾತ್ರಿ ನಿದ್ದೆ ಬರಲಿಲ್ಲ. ಮೊಬೈಲಿನಲ್ಲಿ ಓದುತ್ತಾ ಕೂತೆ. ಗಾಯವಾದ ಮೇಲೆ ಬೆನ್ನುಹುರಿಯೇ ಬದಲಾಗುತ್ತದೆ ಅಂತ ಕ್ಲಿಫರ್ಡ್ ವುಲ್ಫ್ ಅನ್ನೋ ವಿಜ್ಞಾನಿ ಇಲಿಗಳಲ್ಲಿ ತೋರಿಸಿದ್ದು 1983ರಲ್ಲಿ. ಮೂರು ತಿಂಗಳು ದಾಟಿದರೆ ಅದು ಬರೀ ಆಪರೇಷನ್ ನೋವಲ್ಲ, ಅದೇ ಒಂದು ಕಾಯಿಲೆ. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಲ್ಲಿ ಅದಕ್ಕೆ ಬೇರೆ ಜಾಗವೇ ಇದೆ. ವೈದ್ಯಕೀಯ ಪ್ರಯೋಗಗಳನ್ನು ಪರಿಶೀಲಿಸುವ ಕಾಕ್ರೇನ್ ತಂಡದವರು 2018ರಲ್ಲಿ ಹಳೇ ಪ್ರಯೋಗಗಳನ್ನೆಲ್ಲ ಒಟ್ಟು ಹಾಕಿ ಲೆಕ್ಕ ಮಾಡಿದ್ದರು. ಸ್ತನ ಕ್ಯಾನ್ಸರ್ ಆಪರೇಷನ್‌ನಲ್ಲಿ ಏಳು ಜನಕ್ಕೆ ಹೀಗೆ ಜೋಮಿನ ಔಷಧಿ ಕೊಟ್ಟರೆ ಒಬ್ಬರಿಗೆ ದೀರ್ಘ ನೋವು ತಪ್ಪಬಹುದು ಅಂತ. ಆದರೆ 2019ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂದ, ಎಂಟು ದೇಶಗಳ ಎರಡು ಸಾವಿರಕ್ಕೂ ಹೆಚ್ಚು ಹೆಂಗಸರ ಅಧ್ಯಯನದಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ. ಜೋಮಿನ ಔಷಧಿ ಕೊಟ್ಟ ಗುಂಪು, ಕೊಡದ ಗುಂಪು, ಎರಡರಲ್ಲೂ ಆರು ತಿಂಗಳಾದ ಮೇಲೂ ಅರ್ಧದಷ್ಟು ಜನಕ್ಕೆ ಗಾಯದ ಜಾಗದಲ್ಲಿ ನೋವಿತ್ತು.

ಅರ್ಧದಷ್ಟು! ನಾನು ಆ ಸಾಲನ್ನೇ ಮತ್ತೆ ಮತ್ತೆ ಓದಿದೆ. ಇಷ್ಟು ಜನಕ್ಕೆ ಬರುವ ನೋವನ್ನು ಅಮ್ಮ ತನ್ನೊಬ್ಬಳದೇ ಅಂದುಕೊಂಡಿದ್ದಳು, ಅದೂ ತನ್ನ ತಪ್ಪು ಅನ್ನೋ ಹಾಗೆ. ಆಗ ಆ ಇಂಜೆಕ್ಷನ್ ಕೊಡಲಿಲ್ಲ ಅಂತ ನನಗೆ ಸಿಟ್ಟಿಲ್ಲ. ಕೊಟ್ಟಿದ್ದರೂ ಇದೇ ಆಗಬಹುದಿತ್ತು. ಆರು ತಿಂಗಳಿಗೆ, ವರ್ಷಕ್ಕೆ ಯಾರಾದರೂ ಒಬ್ಬರು "ನೋವು ಹೋಯ್ತಾ?" ಅಂತ ಕೇಳಬಹುದಿತ್ತು. ನಾನೂ ಕೇಳಬಹುದಿತ್ತು. ಅಡುಗೆಮನೆಯಲ್ಲಿ ಮೇಲಿನ ಡಬ್ಬಿಯನ್ನು ಅವಳು ಯಾವಾಗಲೂ ಬಲಗೈಯಲ್ಲೇ ಇಳಿಸುತ್ತಿದ್ದದ್ದು ಈಗ ಕಣ್ಣ ಮುಂದೆ ಬರುತ್ತಿದೆ.

ಮಂಗಳವಾರ ಆಪರೇಷನ್ ಆಯ್ತು. ಸಂಜೆ ಕೇಳಿದೆ. "ಬಲಗಡೆ ಏನೂ ಗೊತ್ತಾಗ್ತಿಲ್ಲ, ಎಡಗಡೆನೇ ಉರೀತಾ ಐತೆ" ಅಂದಳು. ಬುಧವಾರ ಮಧ್ಯಾಹ್ನದ ಹೊತ್ತಿಗೆ ಜೋಮು ಇಳಿಯಿತು. ನೋವು ಬಂತು, ಆದರೆ ಮಾತ್ರೆಗೆ ತಗ್ಗುವಷ್ಟು. ಎಡಗಡೆಯ ಉರಿಗೂ ಬೇರೆ ಮಾತ್ರೆ ಬರೆದರು. ಮೂರು ತಿಂಗಳಿಗೆ ಬಂದು ತೋರಿಸಿ ಅಂತ ಡಾಕ್ಟರ್ ತಾವೇ ಚೀಟಿಯಲ್ಲಿ ತಾರೀಕು ಬರೆದುಕೊಟ್ಟರು.

ಇವತ್ತು ಬೆಳಿಗ್ಗೆ ಡಿಸ್ಚಾರ್ಜ್. ಬಟ್ಟೆ ಬದಲಿಸುವಾಗ ಅಮ್ಮ ಪಂಚೆ ತುಂಡು ಕೇಳಿದಳು. ನಾನು ಮನೆಯಿಂದ ಇನ್ನೊಂದನ್ನೂ ಹರಿದು ತಂದಿದ್ದೆ, ಬಲಗಡೆಗೂ ಬೇಕಾಗಬಹುದು ಅಂತ. ಎರಡನ್ನೂ ಕೈಗೆ ಕೊಟ್ಟೆ. ಒಂದನ್ನು ಎಡಗಡೆ ಇಟ್ಟುಕೊಂಡಳು. ಇನ್ನೊಂದನ್ನು ಮಡಿಸಿ ನನ್ನ ಕೈಗೇ ವಾಪಸ್ ಕೊಟ್ಟಳು.

"ಇದು ಬ್ಯಾಗಲ್ಲೇ ಇರ್ಲಿ. ನೋಡಾಣ."