ನೇತ್ರಾಣಿಗೆ ಹೊರಟಿದ್ದೀರಾ? ಬೋಟಿನ ವೈರ್‌ಲೆಸ್ ಕಡೆ ಒಮ್ಮೆ ನೋಡಿ

ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪ ಸುಮಾರು 19 ಕಿಲೋಮೀಟರ್. ಡಿಸೆಂಬರ್‌ನಲ್ಲಿ ನಾವು ಆರು ಜನ ಹೋಗಿದ್ದೆವು. ಅಲ್ಲಿನ ಹವಳ, ಬಣ್ಣದ ಮೀನುಗಳ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ. ನಾನು ಹೇಳಬೇಕಿರುವುದು ಬೋಟಿನ ವಿಎಚ್‌ಎಫ್ ರೇಡಿಯೋ ಬಗ್ಗೆ. ಮೀನುಗಾರರು ಅದನ್ನು ವೈರ್‌ಲೆಸ್ ಅಂತಾರೆ.

ಹೊರಡುವಾಗ ಅದರಲ್ಲಿ ಬೇರೆ ಬೋಟುಗಳ ಮಾತು ಕೇಳಿಸುತ್ತಿತ್ತು. ಸ್ವಲ್ಪ ದೂರ ಹೋದ ಮೇಲೆ ಮೊಬೈಲ್ ಸಿಗ್ನಲ್ ಹೋಯಿತು. ಆಮೇಲೆ ನೋಡಿದರೆ ರೇಡಿಯೋದಲ್ಲೂ ಸದ್ದಿಲ್ಲ. ಬೋಟ್ ನಡೆಸುವ ತಾಂಡೇಲರು ಕಾರಣ ಹುಡುಕಿದರು. ನಾನು ಇಟ್ಟಿದ್ದ ಬ್ಯಾಗ್ ಮೈಕ್ ಮೇಲೆ ಕೂತು ಬಟನ್ ಒತ್ತಿಕೊಂಡಿತ್ತು. ಬಟನ್ ಒತ್ತಿದ್ದಷ್ಟು ಹೊತ್ತು ನಮಗೆ ಏನೂ ಕೇಳಿಸುವುದಿಲ್ಲ. ಅಷ್ಟೇ ಅಲ್ಲ, ಸುತ್ತಲಿನ ಬೋಟುಗಳಿಗೂ ಆ ಚಾನಲ್ ಕಟ್ಟಿಹೋಗುತ್ತದೆ. ಅದು 16ನೇ ಚಾನಲ್, ಅಂದರೆ 156.8 ಮೆಗಾಹರ್ಟ್ಸ್. ಅಪಾಯದಲ್ಲಿರುವವರು ಜಗತ್ತಿನ ಎಲ್ಲ ಕಡೆ ಕೂಗುವುದು ಅಲ್ಲೇ. ಆ ಹೊತ್ತಿನಲ್ಲಿ ಯಾರಾದರೂ ಸಹಾಯಕ್ಕೆ ಕರೆದಿದ್ದರೆ? ಈಗಲೂ ನೆನೆದರೆ ಎದೆ ಧಸಕ್ ಅನ್ನುತ್ತದೆ.

ಹಾಗಾಗಿ ಮೈಕ್ ಅದರ ಕೊಕ್ಕೆಯಲ್ಲೇ ಇರಲಿ, ಅದರ ಹತ್ತಿರ ಸಾಮಾನು ಬೇಡ. 16ರಲ್ಲಿ ಸುಮ್ನೆ ಹರಟೆ ಬೇಡ. ಕರೆದವರು ಸಿಕ್ಕ ಕೂಡಲೇ ಬೇರೆ ಚಾನಲ್‌ಗೆ ಹೋಗಬೇಕು.

ಕೈಯಲ್ಲಿ ಹಿಡಿಯುವ ಸೆಟ್ ಒಂದನ್ನೇ ನಂಬಬೇಡಿ. ಈ ಅಲೆಗಳು ಹೆಚ್ಚು ಕಡಿಮೆ ನೇರವಾಗಿ ಹೋಗುತ್ತವೆ, ಆಂಟೆನಾ ಎಷ್ಟು ಎತ್ತರವೋ ಅಷ್ಟು ದೂರ. ಎರಡು ಸಣ್ಣ ಬೋಟುಗಳಲ್ಲಿ ಕೈ ಸೆಟ್ ಹಿಡಿದು ಮಾತಾಡಿದರೆ ಕೆಲವೇ ಕಿಲೋಮೀಟರ್ ಸಿಗುತ್ತದೆ. ಬೋಟಿಗೆ ಕೂರಿಸಿದ 25 ವಾಟ್ ಸೆಟ್, ಎತ್ತರದ ಆಂಟೆನಾ ಇದೆಯಾ ಅಂತ ಕೇಳಿ. ನೀವೇ ಸೆಟ್ ಕೊಳ್ಳುವುದಾದರೆ ಲೈಸೆನ್ಸ್ ಬೇಕು, ಮರೆಯಬೇಡಿ.

ತಾಂಡೇಲರಿಗೇ ಏನಾದರೂ ಆದರೆ ಮೈಕ್ ಹಿಡಿಯುವವರು ನಾವೇ ಅಲ್ವಾ? ವಾಪಸ್ ಬರುವಾಗ ಅವರು ಸಹಾಯಕ್ಕೆ ಕರೆಯುವುದು ಹೇಗೆ ಅಂತ ಸೆಟ್ ಮುಟ್ಟದೆ ಬಾಯಲ್ಲೇ ಹೇಳಿಸಿ ಕಲಿಸಿದರು. ಬಟನ್ ಒತ್ತಿ ಒಂದು ಕ್ಷಣ ಬಿಟ್ಟು ಶುರು ಮಾಡಬೇಕು, ಇಲ್ಲದಿದ್ದರೆ ಮೊದಲ ಮಾತು ಕತ್ತರಿಸಿಹೋಗುತ್ತದೆ. ಜೀವಕ್ಕೆ ಅಪಾಯ ಇದೆ ಅನ್ನುವ ಕರೆ "ಮೇಡೇ" ಮೂರು ಸಲ. ಬೋಟಿನ ಹೆಸರು ಮೂರು ಸಲ. ಎಲ್ಲಿದ್ದೇವೆ, ಜಿಪಿಎಸ್ ನೋಡಿ. ಏನಾಗಿದೆ, ಎಷ್ಟು ಜನ, ಏನು ಬೇಕು. ಆಮೇಲೆ ಬಟನ್ ಬಿಟ್ಟು ಕೇಳಬೇಕು. ಗಾಬರಿಯಲ್ಲಿ ಜನ ಮರೆಯುವುದು ಇದನ್ನೇ ಅಂದರು. ಜೀವಕ್ಕೆ ಅಪಾಯ ಇಲ್ಲ, ಎಂಜಿನ್ ಮಾತ್ರ ನಿಂತಿದೆ ಅಂದರೆ ಮೇಡೇ ಅಲ್ಲ, "ಪ್ಯಾನ್ ಪ್ಯಾನ್" ಮೂರು ಸಲ.

"ಸರಿ, ನಮ್ಮ ಬೋಟಿನ ಹೆಸರೇನು?" ಅಂತ ಅವರು ಕೇಳಿದರು. ಆರು ಜನರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ನೀವು ಹತ್ತುವ ಮೊದಲೇ ಬೋಟಿನ ಮೇಲಿರುವ ಹೆಸರು, ನಂಬರಿನ ಫೋಟೋ ತೆಗೆದು ಮನೆಗೂ ಕಳಿಸಿ. ಎಷ್ಟು ಹೊತ್ತಿಗೆ ವಾಪಸ್ ಅಂತ ತಿಳಿಸಿ. ಹೊತ್ತು ಮೀರಿದರೆ ಮನೆಯವರು ಕರೆ ಮಾಡಬೇಕಾದ ಕೋಸ್ಟ್ ಗಾರ್ಡ್ ನಂಬರ್ 1554.