ಕೊನೆಗೂ ಗೊತ್ತಾಯ್ತಾ?

ನಾನು ತತ್ವಶಾಸ್ತ್ರದ ಮೇಷ್ಟ್ರು. ಅದರಲ್ಲೂ ಮನಸ್ಸಿನ ತತ್ವಶಾಸ್ತ್ರ. ನೋವು ಅಂದರೆ ಏನು, ಬಣ್ಣ ಕಾಣುವುದು ಅಂದರೆ ಏನು, ಮಿದುಳಿಗೂ ಅನುಭವಕ್ಕೂ ಏನು ನಂಟು, ಇಂಥವು. ಇದನ್ನು ಹೇಳಿದ ಕೂಡಲೇ ಮೊದಲ ಪ್ರಶ್ನೆ ಬರುತ್ತದೆ: "ಓ, ಸೈಕಾಲಜಿನಾ?" ಅಲ್ಲ. "ಹಾಗಾದ್ರೆ ಧ್ಯಾನ, ಯೋಗ?" ಅದೂ ಅಲ್ಲ. ಮೂರನೆಯದನ್ನು ಕೇಳಿ ಕೇಳಿ ನನಗೆ ಸಾಕಾಗಿದೆ: "ಇಷ್ಟು ವರ್ಷ ಓದಿದ್ದೀರಲ್ಲ, ಮನಸ್ಸು ಅಂದ್ರೆ ಏನು ಅಂತ ಕೊನೆಗೂ ಗೊತ್ತಾಯ್ತಾ?"

ಇಲ್ಲ. ಗೊತ್ತಾಗಿಲ್ಲ. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ನನಗೆ ಸಿಟ್ಟು ಬರುವುದು ಆ "ಕೊನೆಗೂ" ಅನ್ನುವ ಪದಕ್ಕೆ. ಹೋದ ವರ್ಷ ಸಾಗರದಲ್ಲಿ ಒಂದು ಮದುವೆ. ಊಟಕ್ಕೆ ಕೂತಿದ್ದೆವು, ಹೋಳಿಗೆ ಬಡಿಸುತ್ತಿದ್ದರು. ಪಕ್ಕದ ಎಲೆಯ ಹಿರಿಯರು ತುಪ್ಪ ಹಾಕಿಸಿಕೊಳ್ಳುತ್ತಾ ಇದೇ ಪ್ರಶ್ನೆ ಕೇಳಿದರು. ನಾನು ಇಲ್ಲ ಅಂದೆ. "ಅಯ್ಯೋ ಪಾಪ" ಅಂದರು. ನಿಜವಾಗಲೂ ಮರುಗಿ ಹೇಳಿದರು, ಅದೇ ಹೆಚ್ಚು ಚುಚ್ಚಿದ್ದು. ಅವರದು ಅಡಿಕೆ ತೋಟ. ಪ್ರತಿ ವರ್ಷ ಅಡಿಕೆ ಗೊನೆ ಕೊಯ್ಲು ಆಗುತ್ತದೆ, ಗೊನೆ ಇಳಿಸಿದರೂ ತೋಟದ ಕೆಲಸ ಮುಗಿಯಲಿಲ್ಲವಲ್ಲ ಅಂತ ಯಾರೂ ಅವರಿಗೆ ಅಯ್ಯೋ ಪಾಪ ಅನ್ನುವುದಿಲ್ಲ. ನಮ್ಮ ಕೆಲಸವೂ ತೋಟದ ಹಾಗೇ. ವರ್ಷ ವರ್ಷ ಏನೋ ಇಳಿಯುತ್ತದೆ. ಅದನ್ನು ಕೇಳಿ, ಹೇಳುತ್ತೇನೆ.

ಏನು ಇಳಿಯುತ್ತದೆ ಅನ್ನುವುದಕ್ಕೆ ಒಬ್ಬರ ಕಥೆ ಸಾಕು. ಫ್ರಾಂಕ್ ಜ್ಯಾಕ್ಸನ್ ಅಂತ ಆಸ್ಟ್ರೇಲಿಯಾದ ತತ್ವಜ್ಞಾನಿ. 1943ರಲ್ಲಿ ಹುಟ್ಟಿದವರು. ಅವರ ತಂದೆಯೂ ತತ್ವಜ್ಞಾನಿ, ಹೋದ ಶತಮಾನದ ದೊಡ್ಡ ತತ್ವಜ್ಞಾನಿ ವಿಟ್‌ಗೆನ್‌ಸ್ಟೈನ್ ಹತ್ತಿರ ಓದಿದವರು. 1982ರಲ್ಲಿ ಜ್ಯಾಕ್ಸನ್ ಒಂದು ಪ್ರಬಂಧ ಬರೆದರು, ಬರೀ ಹತ್ತು ಪುಟ. ಅದರಲ್ಲಿ ಮೇರಿ ಅಂತ ಒಬ್ಬ ವಿಜ್ಞಾನಿ ಬರುತ್ತಾಳೆ. ಆಕೆ ಬೆಳೆದದ್ದೆಲ್ಲ ಕಪ್ಪು ಬಿಳುಪಿನ ಕೋಣೆಯೊಳಗೆ. ಆದರೆ ಬಣ್ಣದ ಬಗ್ಗೆ, ಕಣ್ಣು ಮತ್ತು ಮಿದುಳಿನ ಬಗ್ಗೆ ವಿಜ್ಞಾನ ಹೇಳಬಹುದಾದ ಎಲ್ಲವೂ ಆಕೆಗೆ ಗೊತ್ತು. ಒಂದು ದಿನ ಬಾಗಿಲು ತೆರೆದು ಹೊರಗೆ ಬರುತ್ತಾಳೆ, ಹಣ್ಣಾದ ಟೊಮೆಟೊ ನೋಡುತ್ತಾಳೆ. ಆಕೆಗೆ ಹೊಸದೇನಾದರೂ ತಿಳಿಯಿತಾ? ತಿಳಿಯಿತು ಅಂದರು ಜ್ಯಾಕ್ಸನ್. ಹಾಗಾದರೆ ಕಣ್ಣು ಮಿದುಳಿನ ಲೆಕ್ಕ ಪೂರ್ತಿ ಕೊಟ್ಟರೂ ಅನುಭವದ ಲೆಕ್ಕದಲ್ಲಿ ಏನೋ ಬಾಕಿ ಉಳಿಯುತ್ತದೆ ಅಂತ ವಾದ.

ಆ ಹತ್ತು ಪುಟಕ್ಕೆ ಬಂದ ಉತ್ತರಗಳನ್ನು ಜೋಡಿಸಿದರೆ ಒಂದು ಕಪಾಟು ತುಂಬುತ್ತದೆ. ನಾನು ಪ್ರತಿ ವರ್ಷ ಇದನ್ನು ಪಾಠ ಮಾಡುತ್ತೇನೆ. ಆಮೇಲೆ ನಡೆದದ್ದನ್ನು ಹೇಳಿದಾಗ ಮಕ್ಕಳು ತಲೆ ಎತ್ತುತ್ತಾರೆ. 1990ರ ದಶಕದ ಕೊನೆಯ ಹೊತ್ತಿಗೆ ಜ್ಯಾಕ್ಸನ್ ತಮ್ಮ ವಾದವನ್ನು ತಾವೇ ಕೈಬಿಟ್ಟರು. ಅವರ ಹೆಸರು ನಿಂತಿದ್ದೇ ಆ ವಾದದ ಮೇಲೆ. ಅದು ತಪ್ಪು ಅಂತ ಎಲ್ಲರೂ ಓದುವ ಹಾಗೆ ಬರೆದರು. "ಅವರಿಗೆ ನಾಚಿಕೆ ಆಗ್ಲಿಲ್ವಾ ಮೇಡಂ?" ಅಂತ ಒಬ್ಬ ಹುಡುಗ ಕೇಳಿದ್ದ. ನನಗೆ ಆ ಪ್ರಶ್ನೆ ತುಂಬ ಇಷ್ಟವಾಯಿತು. ನಮ್ಮ ಕಸುಬಿನಲ್ಲಿ ನನಗೆ ಜಾಸ್ತಿ ಗೌರವ ಇರುವುದು ಅಂಥ ಗಳಿಗೆಗಳ ಮೇಲೇ.

ನನ್ನನ್ನೂ ಯಾರಾದರೂ ಹೀಗೆ ಕೇಳಲಿ ಅಂತ ಆಸೆ: ನೀವು ಯಾವ ಮಾತನ್ನು ವಾಪಸ್ ತಗೊಂಡಿರಿ? ಯಾವಾಗ? ಯಾಕೆ?

ಯಾರೂ ಕೇಳಿಲ್ಲ. ಆದರೂ ಹೇಳುತ್ತೇನೆ.

ನನ್ನ ಪಿಎಚ್‌ಡಿಯ ಮುಖ್ಯ ಮಾತು ಇದು. ಕತ್ತಲಲ್ಲಿ ಹಗ್ಗ ಹಾವಾಗಿ ಕಾಣಬಹುದು. ಹಾವು ಅಂದುಕೊಂಡದ್ದು ತಪ್ಪು. ಆದರೆ "ನನಗೆ ಹಾವಿನ ಹಾಗೆ ಕಂಡಿತು" ಅನ್ನುವುದು ತಪ್ಪಾಗಲು ಸಾಧ್ಯವೇ ಇಲ್ಲ. ಹೊರಗಿನದರ ಬಗ್ಗೆ ಮೋಸ ಹೋಗಬಹುದು, ನಮಗೆ ಹೇಗೆ ಕಾಣುತ್ತಿದೆ ಅನ್ನುವುದರಲ್ಲಿ ಮೋಸ ಹೋಗುವುದಿಲ್ಲ. ಐದು ವರ್ಷ ಇದನ್ನು ಕಟ್ಟಿದೆ. ಅಮೆರಿಕದ ತತ್ವಜ್ಞಾನಿ ಡೇನಿಯಲ್ ಡೆನೆಟ್ 1988ರಲ್ಲೇ ಇದರ ವಿರುದ್ಧ ಬರೆದಿದ್ದರು. ಅವರ ಕಥೆಯಲ್ಲಿ ಇಬ್ಬರು ಕಾಫಿ ರುಚಿ ನೋಡುವವರು. ರುಚಿ ವರ್ಷದಿಂದ ವರ್ಷಕ್ಕೆ ಬದಲಾಗದಂತೆ ಕಾಯುವುದೇ ಅವರ ಕೆಲಸ. ಆರು ವರ್ಷದ ಮೇಲೆ ಇಬ್ಬರಿಗೂ ಆ ಕಾಫಿ ಸೇರುತ್ತಿಲ್ಲ. ಒಬ್ಬ ಹೇಳುತ್ತಾನೆ, ರುಚಿ ಅದೇ ಇದೆ, ನನ್ನ ಇಷ್ಟ ಬದಲಾಯಿತು. ಇನ್ನೊಬ್ಬ ಹೇಳುತ್ತಾನೆ, ನನಗೆ ಸಿಗುವ ರುಚಿಯೇ ಬದಲಾಯಿತು. ಇವರು ಹೇಳುವುದು ಸರಿಯೋ ಅಂತ ಸ್ವತಃ ಇವರಿಗಾದರೂ ಹೇಗೆ ಗೊತ್ತು, ಅಂತ ಡೆನೆಟ್ ಕೇಳಿದರು. ಇದೆಲ್ಲ ಬರೀ ಕಟ್ಟುಕಥೆ ಅಂತ ನಾನು ಮೂರು ಪುಟದಲ್ಲಿ ತಳ್ಳಿಹಾಕಿದ್ದೆ.

2019ರ ಮಳೆಗಾಲದಲ್ಲಿ ನಮ್ಮ ಸೋದರತ್ತೆಗೆ ಕಣ್ಣಿನ ಪೊರೆ ಆಪರೇಷನ್ ಆಯಿತು. ಮೊದಲು ಬಲಗಣ್ಣು, ಎಡಗಣ್ಣು ಐದು ವಾರ ಬಿಟ್ಟು. ಬಲಗಣ್ಣಿನ ಪಟ್ಟಿ ಬಿಚ್ಚಿ ಎರಡು ದಿನಕ್ಕೆ ಪೂಜೆಗೆ ಹೂ ಕೊಯ್ಯಲು ಹೊರಟರು. ಬೇಲಿ ತುಂಬ ಶಂಖಪುಷ್ಪ. ಒಂದು ಹೂವಿಗೆ ಕೈ ಹಾಕಿದವರು ಹಾಗೇ ನಿಂತುಬಿಟ್ಟರು. ತಲೆ ಸುತ್ತಿತೇನೋ ಅಂತ ನಾನು ಓಡಿದೆ.

"ಪುಟ್ಟಿ, ಇದು ಇಷ್ಟು ನೀಲಿನಾ?"

ಎಡಗೈಯಿಂದ ಒಂದು ಕಣ್ಣು ಮುಚ್ಚಿದರು, ನೋಡಿದರು. ಇನ್ನೊಂದು ಮುಚ್ಚಿದರು, ನೋಡಿದರು. "ಈ ಕಣ್ಣಿಗೆ ನೀಲಿ. ಆ ಕಣ್ಣಿಗೆ ಬೂದಿ ಕಲಸಿದ ಹಾಗೆ." ಹೂವನ್ನು ಬುಟ್ಟಿಗೆ ಹಾಕಲೇ ಇಲ್ಲ. ಅಂಗೈಯಲ್ಲಿಟ್ಟುಕೊಂಡು ಕಣ್ಣು ಬದಲಿಸುತ್ತಾ ಸುಮ್ನೆ ನಿಂತಿದ್ದರು. ದಳದ ಮೇಲೆ ಮಳೆಹನಿ ಇತ್ತು. ನಡುವಿನ ಬಿಳಿ ಹಳದಿ ಮಚ್ಚೆಯನ್ನು ಉಗುರಿನಿಂದ ಮುಟ್ಟಿ ನೋಡಿದರು.

ಕಾರಣ ನನಗೆ ಗೊತ್ತಿತ್ತು. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಯಾಗುತ್ತದೆ, ನೀಲಿ ಬೆಳಕನ್ನು ಜಾಸ್ತಿ ತಡೆಯುತ್ತದೆ. ಅದನ್ನು ತೆಗೆದು ಹೊಸದು ಕೂರಿಸಿದಾಗ ನೀಲಿ ಮತ್ತೆ ಒಳಗೆ ಬರುತ್ತದೆ. ಇದನ್ನು ಹೇಳಿ, ಒಂದು ಮಾತು ಕೇಳಿದೆ. "ಅತ್ತೆ, ಹೋದ ವಾರದವರೆಗೂ ಹೂವು ಮಾಸಿದ ಹಾಗೆ ಕಾಣ್ತಿತ್ತಾ?"

"ಇಲ್ವೇ. ನೀಲಿನೇ ಕಾಣ್ತಿತ್ತು. ಮಬ್ಬು ಅಂತ ಗೊತ್ತಿತ್ತು, ಬಣ್ಣ ಕಡಿಮೆ ಅಂತ ಒಂದು ದಿನಾನೂ ಅನ್ನಿಸ್ಲಿಲ್ಲ." ಸ್ವಲ್ಪ ಹೊತ್ತು ಬಿಟ್ಟು, "ಹಾಗಾದ್ರೆ ಇಷ್ಟು ವರ್ಷ ನಾನು ನೋಡಿದ್ದು ಏನು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಎರಡು ದಾರಿ ಕಾಣುತ್ತಿತ್ತು. ಒಂದು, ಅವರ ನೀಲಿ ವರ್ಷ ವರ್ಷ ಮಾಸುತ್ತಾ ಹೋಯಿತು, ಅವರಿಗೆ ಅದು ತಿಳಿಯಲೇ ಇಲ್ಲ. ಇನ್ನೊಂದು, ಮಿದುಳು ಹೊಂದಿಸಿಕೊಂಡು ಹಳೇ ನೀಲಿಯನ್ನೇ ಕೊಡುತ್ತಿತ್ತು, ಎರಡು ಕಣ್ಣನ್ನು ಹೋಲಿಸಿದಾಗಲೇ ಬೂದಿ ಬಣ್ಣ ಕಂಡಿತು. ಯಾವುದು ನಿಜ ಅಂತ ಅತ್ತೆಯನ್ನು ಕೇಳಿದರೆ ಅವರಿಗೂ ಗೊತ್ತಿಲ್ಲ. ನೋಡಿದವರು ಅವರೇ, ಆದರೂ ಗೊತ್ತಿಲ್ಲ. ನಾನು ಮೂರು ಪುಟದಲ್ಲಿ ತಳ್ಳಿಹಾಕಿದ್ದ ಕಾಫಿಯ ಕಥೆ ನಮ್ಮ ಬೇಲಿಯ ಹತ್ತಿರ ಹೂ ಹಿಡಿದು ನಿಂತಿತ್ತು.

ಆಗ ನನ್ನ ಹಳೇ ವಾದದ ಮೇಲೆ ಬರೆದ ಒಂದು ಪ್ರಬಂಧ ಪತ್ರಿಕೆಯೊಂದರ ಪರಿಶೀಲನೆಯಲ್ಲಿತ್ತು. ಹದಿನಾಲ್ಕು ತಿಂಗಳಾಗಿತ್ತು. ಸಂಪಾದಕರಿಗೆ ಕಾಗದ ಬರೆದು ವಾಪಸ್ ತೆಗೆದುಕೊಂಡೆ. ಬಡ್ತಿಗೆ ಅದು ಬೇಕಿತ್ತು. ಬುದ್ಧಿ ಇದೆಯಾ ಅಂತ ಗೆಳತಿಯೊಬ್ಬಳು ಬೈದಳು. ಬಡ್ತಿ ಎರಡು ವರ್ಷ ತಡವಾಯಿತು. ನನಗೆ ಅದರ ಬಗ್ಗೆ ಬೇಜಾರಿಲ್ಲ. ಈಗ ಪಾಠ ಮಾಡುವಾಗ ನನ್ನ ಪಿಎಚ್‌ಡಿಯ ಆ ಅಧ್ಯಾಯವನ್ನೇ ಮಕ್ಕಳಿಗೆ ಕೊಡುತ್ತೇನೆ. ಎಲ್ಲಿ ತಪ್ಪಿದೆ ಹುಡುಕಿ ಅನ್ನುತ್ತೇನೆ. ಹೋದ ವರ್ಷ ಒಬ್ಬಳು ನಾನು ನೋಡದೇ ಇದ್ದ ಇನ್ನೊಂದು ತಪ್ಪು ಹುಡುಕಿದಳು. ಆವತ್ತು ಮನೆಗೆ ಹೋಗುವಾಗ ಬಸ್ಸಿನಲ್ಲಿ ನನಗೆ ಎಷ್ಟು ಖುಷಿಯಾಗಿತ್ತು ಗೊತ್ತಾ?

ಎಡಗಣ್ಣಿನ ಆಪರೇಷನ್ನಿನ ಹಿಂದಿನ ಸಂಜೆ ಅತ್ತೆ ಬಲಗಣ್ಣನ್ನು ಸೆರಗಿನಿಂದ ಮುಚ್ಚಿಕೊಂಡು ಮನೆಯೆಲ್ಲ ಓಡಾಡಿದರು. ದೇವರ ಪೀಠ, ಹಿತ್ತಲು, ಹಗ್ಗದ ಮೇಲೆ ಒಣಗಿದ್ದ ತಮ್ಮ ನೀಲಿ ಸೀರೆ, ಎಲ್ಲವನ್ನೂ ನಿಂತು ನೋಡಿದರು. ಏನು ಮಾಡ್ತಾ ಇದ್ದೀರಿ ಅಂತ ಕೇಳಿದೆ. "ನಾಳೆಯಿಂದ ಇದು ಸಿಗಲ್ವಲ್ಲ" ಅಂದರು. ಆಮೇಲೆ ನನ್ನ ಗಲ್ಲ ಹಿಡಿದು ದೀಪದ ಕಡೆ ತಿರುಗಿಸಿ, "ಈ ಕಣ್ಣಲ್ಲಿ ನೀನು ಅರಿಶಿನ ಹಚ್ಚಿಕೊಂಡ ಹಾಗಿದ್ದೀಯ ಪುಟ್ಟಿ" ಅಂದರು.